ಬಿಡುಗಡೆಯ ಬಿಲ್ ಯಾರ ಹೆಸರಿಗೆ?

ನಮ್ಮ ಆಫೀಸಿನಲ್ಲಿ 'ಹೋಮ್‌ಲ್ಯಾಂಡ್' ನೋಡದವರು ಕಡಿಮೆ. ಅದರ ಮೂಲವಾದ ಇಸ್ರೇಲಿ ಧಾರಾವಾಹಿ 'ಹತುಫಿಮ್' ನೋಡಿದವರು ಮಾತ್ರ ನನಗಿನ್ನೂ ಸಿಕ್ಕಿಲ್ಲ. ಹತುಫಿಮ್ ಅಂದ್ರೆ ಹೀಬ್ರೂವಿನಲ್ಲಿ ಅಪಹೃತರು ಅಂತ. ಗಿಡಿಯಾನ್ ರಾಫ್ ಬರೆದು ನಿರ್ದೇಶಿಸಿದ್ದು, 2010ರಲ್ಲಿ ಬಂತು. ಮರುವರ್ಷವೇ ಅಮೆರಿಕದವರು ಅದನ್ನು ಹೋಮ್‌ಲ್ಯಾಂಡ್ ಮಾಡಿಕೊಂಡರು. (2016ರಲ್ಲಿ ಹಿಂದಿಗೂ ಬಂತು, ಅದರ ಮಾತು ಇನ್ನೊಮ್ಮೆ.) ಎರಡನ್ನೂ ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟು: ಅಮೆರಿಕದವರು ಕಥೆಯನ್ನೇನೋ ತಗೊಂಡ್ರು, ಅದರೊಳಗಿನ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬಂದ್ರು.

ಹೋಮ್‌ಲ್ಯಾಂಡಿನ ಬ್ರೋಡಿ ಎಂಟು ವರ್ಷ ಸೆರೆಯಲ್ಲಿದ್ದು, ಡೆಲ್ಟಾ ಫೋರ್ಸ್ ದಾಳಿ ಮಾಡಿದಾಗ ಸಿಗುತ್ತಾನೆ. ಯಾರಿಗೂ ಏನೂ ಕೊಟ್ಟಿಲ್ಲ. ಹಾಗಾಗಿ ಉಳಿಯೋದು ಒಂದೇ ಕುತೂಹಲ: ಇವನು ನಮ್ಮವನೋ, ಅವರ ಕಡೆ ತಿರುಗಿದವನೋ? ಹತುಫಿಮ್‌ನ ಸೈನಿಕರು ಲೆಬನಾನಿನ ಕಾರ್ಯಾಚರಣೆಯಲ್ಲಿ ಸೆರೆಸಿಕ್ಕು, 17 ವರ್ಷದ ಮೇಲೆ, ವರ್ಷಗಟ್ಟಲೆ ನಡೆದ ಚೌಕಾಸಿಯಿಂದ ಬರುತ್ತಾರೆ. ನಿಮ್ರೋದ್, ಉರಿ ಜೀವಂತವಾಗಿ, ಅಮಿಯೆಲ್ ಪೆಟ್ಟಿಗೆಯಲ್ಲಿ. ಉರಿಯ ಹುಡುಗಿ ಅಷ್ಟರಲ್ಲಿ ಅವನ ಸಹೋದರನನ್ನೇ ಮದುವೆಯಾಗಿದ್ದಾಳೆ. ವಿಮಾನ ನಿಲ್ದಾಣದ ಸಂಭ್ರಮ ಮುಗಿದ ಮೇಲೆ ಮನೆಯೊಳಗೆ ಏನಾಗತ್ತೆ ಅನ್ನೋದೇ ಕಥೆ.

ಇದು ಪ್ರಸಾರವಾಗುವಾಗ ಗಿಲಾದ್ ಶಲಿತ್ ನಿಜವಾಗಿಯೂ ಗಾಜಾದಲ್ಲಿ ಸೆರೆಯಲ್ಲಿದ್ದ. 2006ರ ಜೂನ್‌ನಲ್ಲಿ ಸುರಂಗದಿಂದ ಬಂದವರು ಅವನನ್ನು ಎಳೆದೊಯ್ದಾಗ 19ರ ಹುಡುಗ. ಅಪ್ಪ ಅಮ್ಮ ಜೆರುಸಲೆಮ್‌ನಲ್ಲಿ ಪ್ರಧಾನಿ ನಿವಾಸದ ಹತ್ತಿರ ಡೇರೆ ಹಾಕಿ ಕೂತರು. ಅಲ್ಲಿ ಸೇನಾಸೇವೆ ಕಡ್ಡಾಯ. ಮಗನನ್ನು ಕರೆದುಕೊಂಡು ಹೋದ ಸರ್ಕಾರವೇ ವಾಪಸ್ ತರಬೇಕು ಅನ್ನೋ ವಾದಕ್ಕೆ ಉತ್ತರ ಕೊಡೋದು ಕಷ್ಟ. 2011ರ ಅಕ್ಟೋಬರ್ 18ರಂದು ಅವನು ಬಂದ. ಬದಲಿಗೆ 1,027 ಪ್ಯಾಲೆಸ್ಟೀನಿ ಕೈದಿಗಳ ಬಿಡುಗಡೆ. ಅವರಲ್ಲಿ ಒಬ್ಬೊಬ್ಬನಿಗೂ ಒಬ್ಬ ತಾಯಿ ಇದ್ದಳು. ಗಾಜಾದಲ್ಲೂ ಅವತ್ತು ಹಬ್ಬವೇ.

ಆದರೆ ಮೂರನೇ ಒಂದು ಮನೆಯಿದೆ. ಬಿಡುಗಡೆಯಾಗುವವರ ಕೈಯಲ್ಲಿ ತಮ್ಮವರನ್ನು ಕಳೆದುಕೊಂಡವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೋರ್ಟು ಒಪ್ಪಂದವನ್ನು ತಡೆಯಲಿಲ್ಲ. ಹತುಫಿಮ್ ಬಗ್ಗೆ ನನ್ನ ತಕರಾರು ಇದೇ. ಮರಳಿದವರ ಮನೆಯಲ್ಲಿ ಅಷ್ಟು ತಾಳ್ಮೆಯಿಂದ ಕೂರುವ ಕ್ಯಾಮೆರಾ ಈ ಮನೆಗೆ ಸಲ್ಲಬೇಕಾದಷ್ಟು ಹೊತ್ತು ಕೊಡೋದಿಲ್ಲ.

ಇನ್ನು ನಾಲ್ಕನೇ ಮನೆಗೆ ಯಾರೂ ಹೋಗೋಕಾಗಲ್ಲ, ಅದರ ವಿಳಾಸ ಇನ್ನೂ ಯಾರಿಗೂ ಗೊತ್ತಿರಲ್ಲ. ನಮ್ಮ ಕೆಲಸದಲ್ಲೂ ಹೀಗೇ: ಹೆಸರಿರೋ ಕ್ಲೈಂಟ್ ಫೋನ್ ಮಾಡಿದ್ರೆ ರಾತ್ರೋರಾತ್ರಿ ಪ್ಯಾಚ್ ಹಾಕ್ತೀವಿ. ಆ ಪ್ಯಾಚಿಂದ ಮುಂದೆ ಯಾರಿಗೆ ತೊಂದರೆಯಾಗತ್ತೋ ಅವರ ಟಿಕೆಟ್ ಇನ್ನೂ ಬಂದಿರಲ್ಲ. ಹೋಲಿಕೆ ಅಗ್ಗದ್ದು, ಗೊತ್ತು. ಆದರೆ ಆ 1,027 ಜನರಲ್ಲಿ ಯಾಹ್ಯಾ ಸಿನ್ವಾರ್ ಇದ್ದ. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತ ದಾಳಿಯ ಮುಖ್ಯ ರೂವಾರಿ ಅವನೇ. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಹಾಗಂತ ಶಲಿತ್‌ನನ್ನು ಬಿಡಿಸಿದ್ದೇ ತಪ್ಪು ಅಂತ ನಾನು ಹೇಳಲಾರೆ. ನಡುವಿನ 12 ವರ್ಷದಲ್ಲಿ ಎರಡೂ ಕಡೆ ಎಷ್ಟೋ ಜನ ಎಷ್ಟೋ ತೀರ್ಮಾನ ಮಾಡಿದ್ದಾರೆ, ಎಲ್ಲವನ್ನೂ ಆ ಹುಡುಗನ ತಲೆಗೆ ಕಟ್ಟೋದು ಅನ್ಯಾಯ. ನಾನಾಗಿದ್ದರೂ ಬಿಡಿಸುತ್ತಿದ್ದೆ. ಬಿಡಿಸಿ, ಇದನ್ನು ಗೆಲುವು ಅಂತ ಮಾತ್ರ ಕರೀತಿರಲಿಲ್ಲ.

ಅಮೆರಿಕ ತೆರೆಯ ಮೇಲೆ ತಪ್ಪಿಸಿಕೊಂಡ ಪ್ರಶ್ನೆ 2014ರ ಮೇ ತಿಂಗಳಲ್ಲಿ ನಿಜವಾಗಿ ಎದುರಾಯ್ತು. ತಾಲಿಬಾನ್ ಸೆರೆಯಲ್ಲಿದ್ದ ಬೋ ಬರ್ಗ್‌ಡಾಲ್‌ಗಾಗಿ ಗ್ವಾಂಟನಾಮೊದಿಂದ ಐವರನ್ನು ಬಿಟ್ಟರು. ಅವನು ತಾನಾಗಿ ಶಿಬಿರ ಬಿಟ್ಟು ಹೋಗಿದ್ದವನು ಅಂತ ಗಲಾಟೆ ಎದ್ದು, ಅವನ ಊರಿನವರು ಸ್ವಾಗತದ ಏರ್ಪಾಟನ್ನೇ ಕೈಬಿಟ್ಟರು. ಅದೇ ವರ್ಷದ ಕೊನೆಗೆ ಬಂದ ಹೋಮ್‌ಲ್ಯಾಂಡಿನ ನಾಲ್ಕನೇ ಸೀಸನ್‌ನಲ್ಲಿ, ಬಿಟ್ಟು ಬಂದಿದ್ದ ಪ್ರಶ್ನೆ ಕೊನೆಗೂ ಕಾಣಿಸಿಕೊಳ್ಳತ್ತೆ. ಸಾಲ್‌ನನ್ನು ಬಿಡಿಸಿಕೊಳ್ಳೋಕೆ ತಾಲಿಬಾನ್ ಕೈದಿಗಳನ್ನು ರನ್‌ವೇಗೆ ತಂದಿದ್ದಾರೆ. ಸಾಲ್ ನಡೆಯೋದನ್ನು ನಿಲ್ಲಿಸಿ, ನಡುವೆಯೇ ನೆಲದ ಮೇಲೆ ಕೂತುಬಿಡ್ತಾನೆ. ತನ್ನ ಬೆಲೆ ಜಾಸ್ತಿಯಾಯ್ತು ಅಂತ ಅವನಿಗೇ ಗೊತ್ತು. ಕ್ಯಾರಿ ಹತ್ತಿರ ಹೋಗಿ ಬೇಡಿಕೊಂಡು ಎಬ್ಬಿಸ್ತಾಳೆ. ಇಡೀ ಧಾರಾವಾಹಿಯಲ್ಲಿ ನಾನು ಎರಡು ಸಲ ನೋಡಿದ ದೃಶ್ಯ ಅದೊಂದೇ. ಸಾಲ್ ಸಿಐಎದಲ್ಲಿ ಜೀವನವೆಲ್ಲ ಕಳೆದ ಮುದುಕ, ಬೇಡ ಅನ್ನುವ ಹಕ್ಕನ್ನು ಸಂಪಾದಿಸಿದ್ದ. ಹತ್ತೊಂಬತ್ತರ ಹುಡುಗನ ಬಾಯಿಂದ ಆ ಮಾತನ್ನು ಯಾರು ನಿರೀಕ್ಷಿಸ್ತಾರೆ?