ಶಾಸನದ ಪಾಠವೂ ಗಣಕದ ಕಡತವೂ

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯವು ವಿಷ್ಣುವರ್ಧನನ ಕಾಲದ್ದು. ವರ್ತಕನಾದ ಕುಲ್ಲಹಣ ರಾಹುತನೂ ಆತನ ಪತ್ನಿ ಸಹಜಾದೇವಿಯೂ ಅದನ್ನು ಕಟ್ಟಿಸಿದರೆಂಬುದನ್ನು ಅಲ್ಲಿಯ ಶಾಸನದಿಂದಲೇ ಅರಿಯುತ್ತೇವೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು ೧೯೦೨ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಆ ಸಂಪುಟವನ್ನು ಇಂದಿಗೂ ತೆರೆದು ಓದಬಹುದು. ಆದರೆ ನಾವು ವಿದ್ಯಾರ್ಥಿದೆಸೆಯಲ್ಲಿ ಅದೇ ಗ್ರಾಮಕ್ಕೆ ಹೋಗಿ ಬರೆದು ತಂದು, ಗಣಕದಲ್ಲಿ ಸಿದ್ಧಪಡಿಸಿದ ಟಿಪ್ಪಣಿಗಳನ್ನು ಈಚೆಗೆ ತೆರೆದಾಗ ಕಂಡದ್ದು ರೋಮನ್ ಅಕ್ಷರಗಳ ರಾಶಿ!

ಕಾರಣವು ಸ್ಪಷ್ಟವಾಗಿದೆ. ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಕಣ್ಣಿಗೆ ಕನ್ನಡವಾಗಿ ತೋರಿದರೂ ಕಡತದೊಳಗೆ ಕನ್ನಡವಿರಲಿಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ಪಾಠವು ಓದಲು ಬಾರದು. ‘ಗದ್ದವಳ್ಳಿ’ ಎಂದು ಹುಡುಕಿದರೆ ದೊರೆಯದು. ಪರಿವರ್ತಕ ತಂತ್ರಾಂಶಗಳುಂಟು, ನಿಜ. ಆದರೆ ಅರ್ಕಾವತ್ತಿನ ಸ್ಥಾನ ತಪ್ಪಿ ‘ಕರ್ನಾಟಕ’ವು ‘ಕನಾರ್ಟಕ’ವಾಗುವುದನ್ನು ಯಾರು ಕಂಡಿಲ್ಲ? ವೃತ್ತಪತ್ರಿಕೆಯ ವಾಚಕನು ಇದನ್ನು ತಾನೇ ತಿದ್ದಿಕೊಂಡಾನು. ಶಾಸನದ ವ್ಯಕ್ತಿನಾಮವೊಂದು ಹೀಗೆ ಕೆಟ್ಟರೆ ತಿದ್ದುವವರಾರು?

ಕೆಲವು ಮಿತ್ರರು ಮೈಕ್ರೋಸಾಫ್ಟ್ ವರ್ಡನ್ನು ತ್ಯಜಿಸಿ ಲಿಬ್ರೆ ಆಫೀಸನ್ನು ಹಿಡಿದರೆ ಸಾಕೆನ್ನುತ್ತಾರೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ವರ್ಡಿನ ಹಳೆಯ ಕಡತರಚನೆಯ ವಿವರಣೆಯನ್ನು ಆ ಸಂಸ್ಥೆಯು ಸಾರ್ವಜನಿಕವಾಗಿ ಪ್ರಕಟಿಸಿದ್ದು ೨೦೦೮ರಲ್ಲಿ. ಲಿಬ್ರೆ ಆಫೀಸು ಬಳಸುವ ಓಪನ್ ಡಾಕ್ಯುಮೆಂಟ್ ರಚನೆಯಾದರೋ ೨೦೦೬ರಲ್ಲಿಯೇ ಅಂತರರಾಷ್ಟ್ರೀಯ ಮಾನಕವಾಗಿತ್ತು. ಆದರೂ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪಾಠವನ್ನು ಯಾವ ತಂತ್ರಾಂಶದಲ್ಲಿ ತೆರೆದರೂ ದೋಷವು ಹಾಗೆಯೇ ಉಳಿಯುತ್ತದೆ. ಪರಾವಲಂಬನೆಯು ತಂತ್ರಾಂಶದಲ್ಲಿರುವುದಕ್ಕಿಂತ ಹೆಚ್ಚಾಗಿ ನಮ್ಮ ಕಾರ್ಯಕ್ರಮದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಪ್ರಬಂಧವನ್ನು ಓದುವ ಮೊದಲು ಅದರ ಅಂಚಿನ ಅಳತೆಯನ್ನು ನೋಡುವ ಅಧ್ಯಾಪಕರೂ ಇದಕ್ಕೆ ಹೊಣೆಗಾರರು. ಆ ಗುಂಪಿಗೆ ನಾವೂ ಸೇರಿದವರೇ.

ಶಾಸನಪಾಠಕ್ಕೆ ಬೇಕಾದುದೇನು? ಪಂಕ್ತಿಸಂಖ್ಯೆ, ಅಕ್ಷರ, ತ್ರುಟಿತಭಾಗಕ್ಕೆ ಚೌಕ ಕಂಸ. ಇಷ್ಟಕ್ಕೆ ಯಾವ ಅಲಂಕಾರವೂ ಇಲ್ಲದ ಸರಳ ಪಠ್ಯಕಡತವೇ ಸಾಕು. ಯೂನಿಕೋಡಿನ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಱ, ೞ ಗಳಿಗೂ ಅದರಲ್ಲಿ ಸ್ವಂತ ಸ್ಥಾನವಿದೆ. ಅಚ್ಚಿಗೆ ಕಳುಹಿಸುವಾಗ ಪುಟವಿನ್ಯಾಸ ಬೇಕಾಗುವುದನ್ನು ನಾವು ಅಲ್ಲಗಳೆಯುವುದಿಲ್ಲ. ಅದು ಕೊನೆಯ ಕೆಲಸ. ಮೂಲಪಾಠವನ್ನು ಅದಕ್ಕೆ ಮೊದಲೇ ಬೇರೆಯಾಗಿ ಇಟ್ಟಿರಬೇಕು. ೨೦೨೦ರಲ್ಲಿ ಇದೇ ದೇವಾಲಯದ ಕಾಳೀವಿಗ್ರಹವು ಭಗ್ನವಾದುದನ್ನು ಬಲ್ಲವರಿಗೆ, ಸ್ಥಳದಲ್ಲಿ ಬರೆದುಕೊಂಡ ವಿವರವು ಓದುವ ಸ್ಥಿತಿಯಲ್ಲಿ ಉಳಿಯಬೇಕೆಂಬ ಆತುರವು ಅತಿಯೆನಿಸಲಾರದು. ನಮ್ಮ ಹಳೆಯ ಕಡತಗಳನ್ನು ಈಗ ರೈಸರ ಸಂಪುಟದೊಡನೆ ಪಂಕ್ತಿ ಪಂಕ್ತಿಯಾಗಿ ಹೋಲಿಸಿ ತಿದ್ದುತ್ತಿದ್ದೇವೆ. ಶಿಲ್ಪಗಳ ಕುರಿತು ನಾವೇ ಬರೆದ ಟಿಪ್ಪಣಿಗಳಿಗೆ ಮಾತ್ರ ಹೋಲಿಸಲು ಬೇರೆ ಪ್ರತಿಯಿಲ್ಲ.