ಗಿಳಿಯ ಸಾಕ್ಷಿ, ಬಭ್ರುವಾಹನನ ಬಾಣ

ತುಂಬಿದ ನ್ಯಾಯಾಲಯದಲ್ಲಿ ವಕೀಲನೊಬ್ಬ ಗಿಳಿಗೆ ಪಾಟೀಸವಾಲು ಹಾಕುತ್ತಾನೆ. ಜಪಾನಿನ ಕ್ಯಾಪ್‌ಕಾಮ್ 2001ರಲ್ಲಿ ಹೊರತಂದ, ಶು ತಕುಮಿ ಬರೆದ 'ಏಸ್ ಅಟಾರ್ನಿ' ವಿಡಿಯೋ ಗೇಮ್ ಸರಣಿಯ ಮೊದಲ ಆಟದಲ್ಲಿ ಈ ದೃಶ್ಯವಿದೆ. ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲಿ ನಿದ್ದೆಗೆಟ್ಟು ಆಡುವ ಹುಡುಗನಿಗೆ ಅದು ಅಸಂಬದ್ಧ ಅನ್ನಿಸುವುದಿಲ್ಲ. ಸೋಲು ಎದುರಿಗಿದೆ, ಪ್ರಶ್ನೆ ಕೇಳುತ್ತಿರುವವನು ಅವನೇ. ನೋಡುವವನ ಸಂಶಯ ಆಡುವವನಿಗಿಲ್ಲ.

ನಂಬಲಾಗದ್ದನ್ನು ನಂಬಿಸುವ ಇಂಥ ಎದೆಗಾರಿಕೆ ಉಡುಪಿ ಸೀಮೆಗೆ ಹೊಸತಲ್ಲ. ಕಾಪು, ಕಾರ್ಕಳದ ಯಕ್ಷಗಾನ ಬಯಲಾಟ ನೋಡಿದವರಿಗೆ 'ಬಭ್ರುವಾಹನ ಕಾಳಗ' ಗೊತ್ತು. ಯಾಗದ ಕುದುರೆ ಕಟ್ಟಿದ ಹುಡುಗ ಅರ್ಜುನನ ಮಗನೇ. ತಂದೆ ಅವನನ್ನು ಹೀಯಾಳಿಸುತ್ತಾನೆ. ಮಗನ ಬಾಣಕ್ಕೆ ತಂದೆ ಬೀಳುತ್ತಾನೆ. ಪಾತಾಳದ ಮಣಿ ಜೀವ ಮರಳಿಸುತ್ತದೆ. ಲಕ್ಷ್ಮೀಶನ 'ಜೈಮಿನಿ ಭಾರತ' ಮನೆಮಾತಾದ ನಾಡಿನಲ್ಲಿ ಈ ತಿರುವು ಗುಟ್ಟೇ ಅಲ್ಲ. ಆದರೂ ಮಗನನ್ನು ಒಲ್ಲೆನೆನ್ನುವ ಅರ್ಜುನನಿಗೆ ಒಳ್ಳೆಯ ಕಲಾವಿದ ಮಾತಿನಲ್ಲೇ ಎಂಥ ಸಮರ್ಥನೆ ಕಟ್ಟಿಕೊಡುತ್ತಾನೆಂದರೆ, ಮಣಿ ಬರುವ ಹೊತ್ತಿಗೆ ನಾವು ಏನನ್ನೂ ನಂಬಲು ತಯಾರು.

ಹಾಗೆಂದು ಏನು ಬೇಕಾದರೂ ನಡೆಯುತ್ತದೆ ಎಂದಲ್ಲ: ಸುಳಿವೇ ಕೊಡದೆ ಕೊನೆಗೆ ಅವಳಿ ಸೋದರನನ್ನು ತಂದು ನಿಲ್ಲಿಸುವ ಆಟಗಳನ್ನು ನಾನಂತೂ ಕ್ಷಮಿಸಲಾರೆ. ತಕುಮಿ ಹಾಗೆ ಮಾಡುವುದಿಲ್ಲ. ಎರಡನೇ ಸಲ ಆಡಿದರೆ, ಮೊದಲ ಸಲ ನಗಿಸಿದ್ದ ಗಿಳಿಯ ಹರಟೆಯೇ ಪುರಾವೆಯಾಗಿ ಕೇಳಿಸುತ್ತದೆ.