ನೆಲಮಂಗಲದ ಇಳಿಜಾರು

ದೇವನಹಳ್ಳಿ ಮಾರ್ಗದ ಹಳೆಯ ನಿಲ್ದಾಣಗಳಿಗೆ ಈಗ ಶುಕ್ರದೆಸೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿಯ ನ್ಯಾರೋಗೇಜ್ ಹಳಿ ಬಿದ್ದ 1915ರ ಆಸುಪಾಸಿನ ಕಟ್ಟಡಗಳವು: ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಇಂಟ್ಯಾಕ್ ಸಂಸ್ಥೆ ನಂದಿ ಹಾಲ್ಟ್‌ಗೆ ಮರುಜೀವ ಕೊಟ್ಟ ಮೇಲಂತೂ ಮಂಗಳೂರು ಹೆಂಚು ಕಂಡಲ್ಲೆಲ್ಲ ಬೆರಗುಪಡುವುದು ಪರಂಪರೆ ಬರಹಗಾರರಿಗೆ ರೂಢಿಯಾಗಿದೆ.

ಆ ಬರಹಗಳಲ್ಲಿ ನೆಲಮಂಗಲದ ಹೆಸರು ಸುಳಿಯುವುದಿಲ್ಲ. 1884ರ ತುಮಕೂರು ಮೀಟರ್‌ಗೇಜ್ ಹಳಿ ಪೇಟೆಯನ್ನು ಬದಿಗೆ ಬಿಟ್ಟು ದೊಡ್ಡಬೆಲೆ, ನಿಡವಂದದ ಕಡೆ ಸಾಗಿತ್ತು. ಕುಣಿಗಲ್ ಮೇಲೆ ಹಾಸನಕ್ಕೆ ಹೋಗುವ ಹೊಸ ಮಾರ್ಗ ಪೂರ್ಣಗೊಂಡದ್ದು 2017ರ ಮಾರ್ಚ್‌ನಲ್ಲಿ. ನೂರು ವರ್ಷದ ಗೋಡೆ ಇಲ್ಲದ ನಿಲ್ದಾಣದಲ್ಲಿ ನೋಡುವುದೇನಿದೆ ಎನ್ನುತ್ತಾರೆ.

ಸರಕಿನ ಇಳಿಜಾರು ಇದೆ.

2020ರ ಆಗಸ್ಟ್ 30ರಂದು ಇಲ್ಲಿಂದ ಸೊಲ್ಲಾಪುರದ ಬಳಿಯ ಬಾಳೆಗೆ, ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಸಾಗಿಸುವ ರೋರೋ ಸೇವೆ ಶುರುವಾಯಿತು; 682 ಕಿ.ಮೀ. ದಾರಿ, ಒಂದು ರೈಲಿಗೆ 42 ಲಾರಿ. ಕೊಂಕಣ ರೈಲ್ವೆ 1999ರಲ್ಲೇ ಆರಂಭಿಸಿ, ಮುಂದೆ ಸುರತ್ಕಲ್‌ವರೆಗೂ ತಂದ ಉಪಾಯವೇ ಇದು. ಮಂಗಳೂರು, ತುಮಕೂರು ಹೆದ್ದಾರಿಗಳು ಕವಲೊಡೆಯುವ ಊರಿಗಿಂತ ಒಳ್ಳೆಯ ಜಾಗ ಇದಕ್ಕೆ ಸಿಗುವುದೂ ಕಷ್ಟ.

ಈ ವಿನ್ಯಾಸದ ಜಾಣತನ ದಿಕ್ಕಿನಲ್ಲಿದೆ. ನಂದಿ ಹಾಲ್ಟ್ ಸೇರಿ ಸಣ್ಣ ಊರಿನ ನಿಲ್ದಾಣಗಳೆಲ್ಲ ಹಳಿಗೆ ಪಕ್ಕದಲ್ಲಿ ನಿಂತವು. ಜನ ಅಡ್ಡದಿಂದ ಬಂದು ಹತ್ತುತ್ತಾರೆ. ರೋರೋ ಇಳಿಜಾರು ಹಳಿಯ ತುದಿಗೇ ಆತುಕೊಳ್ಳುತ್ತದೆ. ಲಾರಿ ಏರಿ, ವ್ಯಾಗನ್‌ನಿಂದ ವ್ಯಾಗನ್‌ಗೆ ದಾಟುತ್ತ ರೈಲಿನ ಉದ್ದಕ್ಕೂ ಓಡುತ್ತದೆ. ಮೊದಲು ಹತ್ತಿದ್ದು ಆಚೆ ತುದಿ ಮುಟ್ಟಿ ನಿಲ್ಲಬೇಕು, ಸರಪಳಿ ಬಿಗಿಸಿಕೊಳ್ಳಬೇಕು. ಅಷ್ಟು ಹೊತ್ತು ರೈಲೇ ರಸ್ತೆ. ಕ್ರೇನ್ ಬೇಡ, ಗೋದಾಮು ಬೇಡ, ಸರಕನ್ನು ಎತ್ತಿ ಇಳಿಸುವ ಕೆಲಸವೂ ಇಲ್ಲ; ಲಾರಿಯ ಭಾರ, ತಿರುಗುವ ಜಾಗ, ಎತ್ತರದ ಮಿತಿ ಇವೇ ಆಕಾರವನ್ನು ನಿರ್ಧರಿಸುತ್ತವೆ. ಇದನ್ನು ವಾಸ್ತುಶಿಲ್ಪವಲ್ಲ ಎನ್ನುವವರು ದೇವನಹಳ್ಳಿಯ ನಿಲ್ದಾಣವನ್ನೂ ಕಟ್ಟಿದ ಕಾಲದಲ್ಲಿ ಹಾಗೇ ತಳ್ಳಿಹಾಕುತ್ತಿದ್ದರೇನೋ. ಅದೂ ಖರ್ಚಿಗೆ ಹೆದರಿ ಕಿರಿದು ಮಾಡಿದ ಹಳಿಯ ಮೇಲಿನ ಕೆಲಸದ ಕಟ್ಟಡವೇ ತಾನೆ.

ಹಳೆಯದರ ಒಂದು ಗುಣವನ್ನು ಮಾತ್ರ ಒಪ್ಪಲೇಬೇಕು. ನಂದಿ ಹಾಲ್ಟ್ ಕಟ್ಟಿದವರಿಗೆ ಕಾಯುವವರ ನೆನಪಿತ್ತು, ಅದಕ್ಕೇ ನೆರಳಿದೆ. ರೋರೋ ವ್ಯವಸ್ಥೆಯಲ್ಲಿ ಚಾಲಕ, ಕ್ಲೀನರ್ ತಮ್ಮ ಲಾರಿಯ ಕ್ಯಾಬಿನ್‌ನಲ್ಲೇ ಕೂತು ಸಾಗಬೇಕು. ಬಯಲು ವ್ಯಾಗನ್ನಿನಲ್ಲಿ ಶೌಚಾಲಯವಿಲ್ಲ. ಪ್ರಯಾಣಿಕರೂ ಅಲ್ಲದ, ಸರಕೂ ಅಲ್ಲದ ಈ ಇಬ್ಬರನ್ನು ವಿನ್ಯಾಸಕರು ಮರೆತಿದ್ದಾರೆ. ನೆಲಮಂಗಲದ ಮೇಲೆ ತಕರಾರು ತೆಗೆಯಬೇಕೆನ್ನುವವರು ಇಲ್ಲಿಂದ ಶುರುಮಾಡಲಿ.